ಹಿಂದಿನ ಕಂಟ್ರೋಲ್ ಆರ್ಮ್ ಬದಲಿಸುವವರ ಗಮನಕ್ಕೆ

ಸದಸ್ಯ ಮಿತ್ರರೇ,

ಹಳೆಯ ಹೋಂಡಾ ಸಿವಿಕ್ ಕಾರನ್ನು ನೆಲಕ್ಕೆ ಹತ್ತಿರವಾಗುವಂತೆ ತಗ್ಗಿಸಿದ ಮೇಲೆ ಹಿಂದಿನ ಟೈರುಗಳ ಒಳ ಅಂಚು ಸವೆಯುತ್ತಿದೆ ಎಂದು ಹಲವರು ಕೇಳಿದ್ದೀರಿ. ಈ ಕಾರಿನಲ್ಲಿ ಹಿಂದಿನ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿಪಡಿಸಬಹುದು, ಕ್ಯಾಂಬರ್‌ಗೆ (ಹಿಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಕಂಪನಿಯ ಹೊಂದಾಣಿಕೆ ಇಲ್ಲ. ಆದ್ದರಿಂದ ಉದ್ದ ಬದಲಿಸಬಹುದಾದ ಮೇಲಿನ ಕಂಟ್ರೋಲ್ ಆರ್ಮ್ (ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ತೋಳು) ಬೇಕಾಗುತ್ತದೆ. ಅದನ್ನು ಉದ್ದ ಮಾಡಿದರೆ ಚಕ್ರದ ಮೇಲ್ಭಾಗ ಹೊರಕ್ಕೆ ಬಂದು ನೆಗೆಟಿವ್ ಕ್ಯಾಂಬರ್, ಅಂದರೆ ಒಳಕ್ಕೆ ವಾಲಿರುವುದು, ಕಡಿಮೆಯಾಗುತ್ತದೆ. ಕಾರು ತಗ್ಗಿಸಿಲ್ಲದವರು ದಯವಿಟ್ಟು ಈ ಖರ್ಚಿಗೆ ಹೋಗಬೇಡಿ. ಮೊದಲು ಬುಷ್ (ಆರ್ಮ್ ತುದಿಯಲ್ಲಿ ಬೋಲ್ಟ್ ಸುತ್ತ ಇರುವ ಮೆತ್ತೆ) ನೋಡಿಸಿ, ಟೋ ಅಳೆಸಿ.

ದಿನನಿತ್ಯ ಓಡಿಸುವ ಕಾರಿಗೆ ರಬ್ಬರ್ ಬುಷ್ ಇರುವ ಆರ್ಮ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪಾಲಿಯುರೆಥೇನ್ ಬುಷ್‌ಗೆ ಗ್ರೀಸ್ ಬೇಕು, ಇಲ್ಲದಿದ್ದರೆ ಕಿರುಗುಟ್ಟುತ್ತದೆ. ಲೋಹದ ಗೋಳದ ಬೇರಿಂಗ್ ಇರುವವು ರೇಸ್ ಟ್ರ್ಯಾಕಿಗೆ ಸರಿ. ನಮ್ಮ ಧೂಳು, ಮಳೆನೀರಿನಲ್ಲಿ ಬೇಗ ಸಡಿಲವಾಗಿ ಸದ್ದು ಮಾಡುತ್ತವೆ.

ಜೋಡಿಸುವಾಗ ಬಹುತೇಕ ಗ್ಯಾರೇಜುಗಳಲ್ಲಿ ಆಗುವ ತಪ್ಪು ಒಂದೇ: ಚಕ್ರ ನೇತಾಡುತ್ತಿರುವಾಗಲೇ ಬುಷ್ ಬೋಲ್ಟ್ ಬಿಗಿಯುವುದು. ಹಾಗೆ ಬಿಗಿದರೆ ಕಾರು ಇಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡಿರುತ್ತದೆ, ಬೇಗ ಹರಿಯುತ್ತದೆ. ಮೊದಲಿಗೆ ಹಳೆಯ ಆರ್ಮ್‌ನ ಉದ್ದಕ್ಕೇ ಹೊಸದನ್ನು ಹೊಂದಿಸಿ (ಬೇಕಾದ ಉದ್ದವನ್ನು ಅಲೈನ್‌ಮೆಂಟ್ ವೇಳೆ ಬದಲಿಸಬಹುದು), ಬೋಲ್ಟ್‌ಗಳನ್ನು ಕೈಬಿಗಿಯಾಗಿ ಕೂರಿಸಿ, ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಿಂದ ಸರ್ವಿಸ್ ಪುಸ್ತಕದ ಅಳತೆಗೆ ಬಿಗಿಸಿ. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ಯಾರೂ ಹೋಗಬೇಡಿ, ಸ್ಟ್ಯಾಂಡ್ ಇರಲೇಬೇಕು.

ಅಂದೇ ನಾಲ್ಕೂ ಚಕ್ರಗಳ ಅಲೈನ್‌ಮೆಂಟ್ (ಕೋನಗಳ ಹೊಂದಾಣಿಕೆ) ಮಾಡಿಸಿ. ಕ್ಯಾಂಬರ್ ಬದಲಾದರೆ ಟೋ ಕೂಡ ಬದಲಾಗುತ್ತದೆ, ಟೈರನ್ನು ಬೇಗ ತಿನ್ನುವುದು ಟೋ. ಸುಮಾರು 500 ಕಿಲೋಮೀಟರ್ ಓಡಿದ ಮೇಲೆ ಆರ್ಮ್‌ನ ಉದ್ದ ಬದಲಾಗದಂತೆ ಹಿಡಿದಿಡುವ ಲಾಕ್ ನಟ್‌ಗಳನ್ನು ಮತ್ತೊಮ್ಮೆ ಪರೀಕ್ಷಿಸಿ. ಅಲೈನ್‌ಮೆಂಟ್ ಮುದ್ರಿತ ವರದಿಯನ್ನು ಇಲ್ಲಿ ಹಾಕಿದರೆ ಅಂಕಿಗಳನ್ನು ಒಟ್ಟಿಗೆ ನೋಡೋಣ.