ರೀಚಾರ್ಜ್ ಸೆಲ್: ದೊಡ್ಡ ಅಂಕಿಯೊಂದೇ ಅಳತೆಯಲ್ಲ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ಮಲೆನಾಡಿನವರಾದ ನಮಗೆ ಹೊಸತಲ್ಲ. ಆ ದಿನಗಳಿಗೆಂದೇ ಕಳೆದ ಮೇ ತಿಂಗಳಲ್ಲಿ, ಪೊಟ್ಟಣದ ಮೇಲೆ 2,700 ಎಂಬ ಅಂಕಿ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ) ಎದ್ದು ಕಾಣುತ್ತಿದ್ದ ಪೆನ್ಸಿಲ್ ಗಾತ್ರದ ರೀಚಾರ್ಜ್ ಸೆಲ್‌ಗಳನ್ನು ಕೊಂಡು, ಪೂರ್ತಿ ಚಾರ್ಜ್ ಮಾಡಿ ಟಾರ್ಚಿನ ಜತೆ ಎತ್ತಿಟ್ಟಿದ್ದೆ. ಜುಲೈ ಕೊನೆಯಲ್ಲಿ, ವಯಸ್ಸಾದ ತಾಯಿಯನ್ನು ರಾತ್ರಿ ಬಚ್ಚಲಿಗೆ ಕರೆದೊಯ್ಯುವಾಗ, ಆ ಟಾರ್ಚ್ ಕೆಲವೇ ನಿಮಿಷ ಮಂಕಾಗಿ ಉರಿದು ಆರಿಹೋಯಿತು. ಅಂಗಡಿಯಲ್ಲಾಗಲಿ ಪೊಟ್ಟಣದಲ್ಲಾಗಲಿ ಯಾರೂ ಹೇಳದಿದ್ದ ಸಂಗತಿಯನ್ನು ಆಮೇಲೆ ತಿಳಿದುಕೊಂಡೆ. ಇತರರಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಇಂದು ಹೆಚ್ಚಾಗಿ ಸಿಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳಲ್ಲೇ ಎರಡು ಬಗೆಗಳಿವೆ. ಸಾಮಾನ್ಯ ಬಗೆಯದು ಬಳಸದೆ ಇಟ್ಟರೂ ಮೊದಲ ತಿಂಗಳಲ್ಲೇ ತನ್ನ ಚಾರ್ಜಿನ ಐದನೇ ಒಂದು ಭಾಗವನ್ನೋ ಅದಕ್ಕಿಂತ ಹೆಚ್ಚನ್ನೋ ಕಳೆದುಕೊಳ್ಳುತ್ತದೆ. 2005ರಲ್ಲಿ ಜಪಾನಿನ ಸ್ಯಾನ್ಯೋ ಕಂಪನಿ ಎನಿಲೂಪ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ, ಈಗ ಹಲವು ಕಂಪನಿಗಳು ತಯಾರಿಸುವ ಎರಡನೆಯ ಬಗೆಯಲ್ಲಿ ಈ ಸೋರಿಕೆ ತೀರಾ ಕಡಿಮೆ. ಒಂದು ವರ್ಷ ಇಟ್ಟ ಮೇಲೂ ಶೇ 70ಕ್ಕಿಂತ ಹೆಚ್ಚು ಚಾರ್ಜ್ ಉಳಿದಿರುತ್ತದೆ. ಇದರ ಮೇಲೆ ಸಾಮಾನ್ಯವಾಗಿ 2,000ದ ಆಸುಪಾಸಿನ ಅಂಕಿಯಿರುವುದರಿಂದ ನನ್ನಂತಹವರು ಇದನ್ನು ಬಿಟ್ಟು ದೊಡ್ಡ ಅಂಕಿಯದನ್ನು ಆರಿಸುತ್ತಾರೆ. ದಿನವೂ ಬಳಸಿ ಚಾರ್ಜ್ ಮಾಡುವ ಮಕ್ಕಳ ಆಟಿಕೆಗೆ ಆ ಆಯ್ಕೆ ಸರಿಯೇ. ಎತ್ತಿಟ್ಟು ಅಪರೂಪಕ್ಕೆ ಬಳಸುವ ಟಾರ್ಚಿಗೆ ಸರಿಯಲ್ಲ. ಇನ್ನು ಈ ಗಾತ್ರದ ನಿಕಲ್ ಸೆಲ್ಲಿನ ಮೇಲೆ 3,500 ಎಂದೋ 4,000 ಎಂದೋ ಅಚ್ಚಾಗಿದ್ದರೆ ಅದನ್ನು ನಂಬಲೇಬಾರದು.

ಈಚೆಗೆ ಬಂದಿರುವ 1.5 ವೋಲ್ಟಿನ ಲಿಥಿಯಂ ಸೆಲ್‌ಗಳ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಅವುಗಳ ಮೇಲಿನ ಅಂಕಿ ಬಹುಪಾಲು ಒಟ್ಟು ಶಕ್ತಿಯನ್ನು ಅಳೆಯುವ ಮಿಲಿ ವ್ಯಾಟ್ ಅವರ್‌ನಲ್ಲಿರುತ್ತದೆ, ನಿಕಲ್ ಸೆಲ್ಲಿನದು ಚಾರ್ಜನ್ನಷ್ಟೇ ಅಳೆಯುವ ಮಿಲಿ ಆಂಪಿಯರ್ ಅವರ್‌ನಲ್ಲಿ. 2,000 ಎಂದಿರುವ 1.2 ವೋಲ್ಟಿನ ನಿಕಲ್ ಸೆಲ್ಲಿನ ಅಂಕಿಯನ್ನು ಅದರ ವೋಲ್ಟಿನಿಂದ ಗುಣಿಸಿ ಮಿಲಿ ವ್ಯಾಟ್ ಅವರ್‌ಗೆ ತಂದರೆ 2,400 ಆಗುತ್ತದೆ. ಆದ್ದರಿಂದ 3,000 ಎಂದಿರುವ ಲಿಥಿಯಂ ಸೆಲ್ ಅದಕ್ಕಿಂತ ಕಾಲುಭಾಗವಷ್ಟೇ ಹೆಚ್ಚು, ಒಂದೂವರೆ ಪಟ್ಟಲ್ಲ. 1.2 ವೋಲ್ಟಿಗೆ ಓಡಲು ಒಪ್ಪದ ಉಪಕರಣಗಳಿಗೆ ಇವು ನಿಜಕ್ಕೂ ಅನುಕೂಲ. ಆದರೆ ಕೊನೆಯವರೆಗೂ ಒಂದೇ ವೋಲ್ಟೇಜ್ ಕೊಟ್ಟು ಮುನ್ಸೂಚನೆಯಿಲ್ಲದೆ ನಿಂತುಬಿಡುವುದರಿಂದ ಟಾರ್ಚಿಗೆ ನಾನು ಇವನ್ನು ಆರಿಸಲಾರೆ. ಕೆಲವು ಸೆಲ್‌ಗಳ ಒಳಗಿನ ಸರ್ಕ್ಯೂಟಿನಿಂದ ರೇಡಿಯೋದಲ್ಲಿ, ಅದರಲ್ಲೂ ಆಕಾಶವಾಣಿಯ ಮಧ್ಯಮ ತರಂಗದ ಪ್ರಸಾರದಲ್ಲಿ, ಗೊರಗೊರ ಸದ್ದು ಸೇರಿಕೊಳ್ಳುವುದೂ ಉಂಟು. ಲಿಥಿಯಂ ಸೆಲ್ಲನ್ನು ನಿಕಲ್ ಸೆಲ್ಲಿನ ಚಾರ್ಜರಿಗೆ ಹಾಕುವುದು ಅಪಾಯಕರ. ಅದೇ ಗಾತ್ರದ 3.7 ವೋಲ್ಟಿನ ಸೆಲ್ಲನ್ನು ತಿಳಿಯದೆ ರಿಮೋಟಿಗೋ ಆಟಿಕೆಗೋ ಹಾಕಿದರೆ ಆ ಉಪಕರಣವೇ ಸುಟ್ಟುಹೋಗಬಹುದು.

ಗೋಡೆ ಗಡಿಯಾರಕ್ಕೆ ಮಾತ್ರ ವರ್ಷಗಟ್ಟಲೆ ಬರುವ, ರೀಚಾರ್ಜ್ ಮಾಡಲಾಗದ ಮಾಮೂಲಿ ಸೆಲ್ಲೇ ಸಾಕು.

ಹಳೆಯ ನಿಕಲ್ ಕ್ಯಾಡ್ಮಿಯಂ ಸೆಲ್‌ಗಳು ಇನ್ನೂ ಎಷ್ಟೋ ಮನೆಗಳ ಕಾರ್ಡ್‌ಲೆಸ್ ಫೋನು, ಎಮರ್ಜೆನ್ಸಿ ಲೈಟುಗಳಲ್ಲಿವೆ. ಕ್ಯಾಡ್ಮಿಯಂ ವಿಷಲೋಹ, ಅವನ್ನು ತಿಪ್ಪೆಗೆ ಎಸೆದರೆ ಅದು ಮಣ್ಣು ನೀರಿಗೆ ಸೇರುತ್ತದೆ. ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಇಂತಹ ಸಣ್ಣ ಸೆಲ್‌ಗಳಿಗೂ ಅನ್ವಯಿಸುತ್ತವೆ, ಹಳೆಯದನ್ನು ಸಂಗ್ರಹಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸುತ್ತವೆ. ಆದರೂ ನಾನು ವಿಚಾರಿಸಿದ ಮೂರು ಅಂಗಡಿಗಳಲ್ಲಿ ಒಬ್ಬರೂ ಅವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆರು ಸೆಲ್‌ಗಳು ಇಂದಿಗೂ ನನ್ನ ಮನೆಯ ಡಬ್ಬಿಯೊಂದರಲ್ಲಿವೆ. ಸೆಲ್ಲಿನ ಬಗೆಯನ್ನೂ, ಎತ್ತಿಟ್ಟರೆ ಚಾರ್ಜ್ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನೂ ಕಂಪನಿಗಳು ಪೊಟ್ಟಣದ ಮೇಲೆ ಕನ್ನಡದಲ್ಲಿ ಮುದ್ರಿಸಬೇಕು. ತಾಲ್ಲೂಕಿಗೆ ಒಂದಾದರೂ ಸಂಗ್ರಹ ಕೇಂದ್ರ ತೆರೆಯುವಂತೆ ಮಾಲಿನ್ಯ ನಿಯಂತ್ರಣ ಮಂಡಳಿಯು ಈ ಕಂಪನಿಗಳಿಗೆ ಸೂಚಿಸಬೇಕು ಎಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ಓರ್ವ ಓದುಗ, ತೀರ್ಥಹಳ್ಳಿ