ಆಗುಂಬೆ ಪೇಟೆಯ ಹಂಚಿನ ಮನೆಗಳ ಪರವಾಗಿ ಶಾಸಕರಿಗೊಂದು ಬಹಿರಂಗ ಪತ್ರ

ತೀರ್ಥಹಳ್ಳಿ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಘಾಟಿ ಹತ್ತಿ ಆಗುಂಬೆಗೆ ಬಂದವರು ಸೂರ್ಯಾಸ್ತ ನೋಡಿ, ದೊಡ್ಡಮನೆಯ ಮುಂದೆ ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರಿಸಿದ ಮನೆಯೆಂದು ಅದು ದೇಶಕ್ಕೆಲ್ಲ ಗೊತ್ತು. ಪೇಟೆಯ ಉಳಿದ ಜಗಲಿ ಮನೆಗಳನ್ನು ಕೇಳುವವರಿಲ್ಲ. ನನ್ನ ಕೋರಿಕೆ ಇಷ್ಟೇ: ಒಂದು ಮನೆಯನ್ನಲ್ಲ, ಇಡೀ ಪೇಟೆಬೀದಿಯನ್ನು ಉಳಿಸಿ.

ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿದು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿಲಿಮೀಟರ್ ಸುರಿದ ದಾಖಲೆಯಿದೆ. ಇಳಿಜಾರಾದ ಹಂಚಿನ ಮಾಡು (ಛಾವಣಿ), ಗೋಡೆಗೆ ಎರಚಲು ತಾಗದಂತೆ ಮುಂದಕ್ಕೆ ಚಾಚಿದ ಸೂರು, ಎತ್ತರದ ಜಗಲಿ, ಎಲ್ಲವೂ ಆ ಮಳೆಯನ್ನು ಬಲ್ಲವರು ಕಟ್ಟಿದ್ದು. ಆದರೆ ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಹಂಚು ಕೈಯಾಡಿಸಲೇಬೇಕು, ಅಂದರೆ ಒಡೆದದ್ದನ್ನು ಬದಲಿಸಿ ಸರಿದದ್ದನ್ನು ಕೂರಿಸಬೇಕು. ಒಡೆದ ಒಂದು ಹಂಚು ಹಾಗೇ ಉಳಿದರೂ ನೀರು ಹಂಚು ಹೊತ್ತ ರೀಪಿಗೆ ಇಳಿಯುತ್ತದೆ, ಅಲ್ಲಿಂದ ರೀಪು ಹೊತ್ತ ಮರದ ಪಕಾಸಿಗೆ, ಕೊನೆಗೆ ಗೋಡೆಯ ತಲೆಗೆ. ಮಣ್ಣಿನ ಗೋಡೆ ನೀರು ಕುಡಿಯಿತೆಂದರೆ ಮುಗಿಯಿತು. ಈಗ ಹಂಚು ಕೈಯಾಡಿಸುವವರು ಸಿಗುವುದೇ ಕಷ್ಟ. ಮಕ್ಕಳು ಬೆಂಗಳೂರಿನಲ್ಲಿ. ಮನೆಯಲ್ಲಿ ಉಳಿದ ಹಿರಿಯರು ಬೇಸತ್ತು ಎಲ್ಲ ಕೆಡವಿ ಆರ್‌ಸಿಸಿ ಹಾಕಿಸಿದರೆ ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ದುರಸ್ತಿಯ ಭಾರವನ್ನು ಅವರೊಬ್ಬರ ಹೆಗಲಿಗೇ ಬಿಟ್ಟಿದ್ದೇವಲ್ಲ!

ಇನ್ನು ರಸ್ತೆ. ರಾಷ್ಟ್ರೀಯ ಹೆದ್ದಾರಿ 169ಎ ಪೇಟೆಯ ನಡುವೆಯೇ ಹಾಯುತ್ತದೆ. ಹಳೆಯ ಡಾಂಬರು ಕೆರೆದು ತೆಗೆಯದೆ ಪದರದ ಮೇಲೆ ಪದರ ಹಾಕುತ್ತ ಹೋದರೆ ರಸ್ತೆ ಏರುತ್ತದೆ, ಜಗಲಿ ತಗ್ಗಾಗುತ್ತದೆ, ಚರಂಡಿ ಸೇರಬೇಕಾದ ನೀರು ಪಡಸಾಲೆಗೆ ನುಗ್ಗುತ್ತದೆ. ಪೇಟೆಯೊಳಗೆ ಕೆರೆದ ಮೇಲೆಯೇ ಡಾಂಬರು ಎಂಬ ಷರತ್ತು ಹಾಕಿಸಿ. ಅಗಲೀಕರಣದ ಮಾತು ಬಂದಾಗ ಹಳೆಯ ಮನೆಗಳ ಸಾಲನ್ನು ಮುಟ್ಟದ ದಾರಿಯನ್ನೇ ಮೊದಲು ಹುಡುಕಿಸಿ.

1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪಾರಂಪರಿಕ ಕಟ್ಟಡಗಳನ್ನು ಗುರುತಿಸುತ್ತದೆ. ಅದರ ಬಲದಿಂದ ಪೇಟೆಯ ಮನೆಗಳ ಪಟ್ಟಿ ಮಾಡಿಸಿ. ಆದರೆ ಬರೀ ನಿರ್ಬಂಧ ಹೇರಿದರೆ ಜನ ಹೆದರುತ್ತಾರೆ, ಜೊತೆಗೆ ದುರಸ್ತಿಗೆ ನೆರವೂ ಬರಬೇಕು. ಜಪಾನಿನ ಹೆದ್ದಾರಿ ಬದಿಯ ತ್ಸುಮಾಗೊ ಎಂಬ ಊರಿನವರು 1971ರಲ್ಲಿ ‘ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ’ ಎಂದು ತಾವೇ ಒಪ್ಪಂದ ಮಾಡಿಕೊಂಡರು. 1976ರಲ್ಲಿ ಅಲ್ಲಿನ ಸರ್ಕಾರ ಇಡೀ ಬೀದಿಗೆ ರಕ್ಷಣೆ ಕೊಟ್ಟಿತು. ಆಗುಂಬೆಯವರನ್ನೂ ಕೇಳಿ ನೋಡಿ. ಮುಂದಿನ ಮಳೆಗಾಲಕ್ಕೆ ಮೊದಲೇ ಪೇಟೆಯ ಮನೆಯವರನ್ನೆಲ್ಲ ಕೂರಿಸಿ ಒಂದು ಸಭೆ ಕರೆಯಿರಿ. ಲೋಕೋಪಯೋಗಿ ಮತ್ತು ಪುರಾತತ್ವ ಇಲಾಖೆಯ ಅಧಿಕಾರಿಗಳೂ ಅಲ್ಲಿರಲಿ.

ಇಂತಿ,
ಮಲೆನಾಡಿನ ಒಬ್ಬ ಮತದಾರ