ಶನಿವಾರ ಡಿಜಿಮಾನ್: ನೋಡುವ ಮುನ್ನ ಓದಿ

ಗೆಳೆಯರೇ, ಶನಿವಾರ ರಾತ್ರಿ 8ಕ್ಕೆ ಅವರವರ ಮನೆಯಲ್ಲೇ ಕೂತು ‘ಡಿಜಿಮಾನ್ ಅಡ್ವೆಂಚರ್: ಲಾಸ್ಟ್ ಎವಲ್ಯೂಷನ್ ಕಿಜುನಾ’ ಎಂಬ ಜಪಾನಿ ಅನಿಮೇಷನ್ ಸಿನಿಮಾ ನೋಡೋಣ. ಡಿಜಿಮಾನ್ ಅಂದರೆ ಮಕ್ಕಳಿಗೆ ಜೊತೆಗಾರರಾಗುವ ಡಿಜಿಟಲ್ ಲೋಕದ ಜೀವಿಗಳು. 1999ರಲ್ಲಿ ಜಪಾನಿನ ಟಿವಿಯಲ್ಲಿ ಶುರುವಾದ ತೈಚಿ, ಯಾಮಾಟೊ ಎಂಬ ಹುಡುಗರ ಕಥೆ ಮುಗಿಯುವುದು 2020ರ ಈ ಸಿನಿಮಾದಲ್ಲೇ. ಬೇಸಿಗೆ ಶಿಬಿರಕ್ಕೆ ಹೋಗಿದ್ದ ಪುಟ್ಟ ಹುಡುಗರು ಈಗ ಕಾಲೇಜು ಓದುವವರು. ದೊಡ್ಡವರಾದ ಮೇಲೆ ಜೊತೆಗಾರ ಡಿಜಿಮಾನ್ ದೂರವಾಗಲೇಬೇಕಂತೆ. ತೈಚಿಯ ಡಿಜಿಮಾನ್ ಅಗುಮಾನ್ ಹಾಗೇ ಇದೆ, ತೈಚಿ ಮಾತ್ರ ಬೆಳೆದುಬಿಟ್ಟಿದ್ದಾನೆ. ಇಬ್ಬರನ್ನೂ ಒಟ್ಟಿಗೆ ನೋಡಿ ನನಗಂತೂ ಗಂಟಲು ಕಟ್ಟಿತು.

ಶುರುವಿನಲ್ಲಿ ಬರುವ ಹಳೆಯ ಹಾಡನ್ನು ದಾಟಿಸಬೇಡಿ. ಅದನ್ನು ಹಾಡಿದ ಕೋಜಿ ವಾಡಾ 2016ರಲ್ಲೇ ತೀರಿಕೊಂಡರು.

ಹಳೆಯ ಸರಣಿ ನೋಡದವರು ಮೊದಲ ಕಂತನ್ನಾದರೂ ನೋಡಿ ಬನ್ನಿ. ಈಗಾಗಲೇ ಸಿನಿಮಾ ನೋಡಿದವರು ಭಾನುವಾರದವರೆಗೆ ಗುಂಪಿನಲ್ಲಿ ಕೊನೆ ಹೇಳಬೇಡಿ, ಪ್ಲೀಸ್.